ರಕ್ತ ಸವರುವ ಗೋಡೆ

(ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಎರಡು ಬೆರಳುಗಳನ್ನು ಕತ್ತಿನ ಒಂದು ಬದಿಗೆ, ಗಂಟಲಿನ ಪಕ್ಕದ ತಗ್ಗಿಗೆ ಮೆಲ್ಲಗೆ ಇಡಿ. ಎರಡೂ ಬದಿ ಒಟ್ಟಿಗೆ ಒತ್ತಬೇಡಿ, ಒಂದೇ ಸಾಕು. ಬಡಿತ ಸಿಕ್ಕಿತಾ? ಅದು ಕೆರೋಟಿಡ್ ಅಪಧಮನಿ, ತಲೆಗೆ ರಕ್ತ ಒಯ್ಯುವ ನಾಳ. ನಿಮ್ಮ ಬೆರಳಿಗಿಂತ ತುಸು ಮೇಲೆ, ದವಡೆಯ ಮೂಲೆಯ ಕೆಳಗೆ, ಅದು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮಿದುಳಿಗೆ ಹೋಗುತ್ತದೆ, ಇನ್ನೊಂದು ಮುಖಕ್ಕೆ.

ಈ ಕವಲಿನ ಹೊರಬದಿಯ ಗೋಡೆ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಜಾಗ. ಕೊಬ್ಬಿನ ಗಂಟು ಕಟ್ಟಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ನಾವು ಮಾತಿನಲ್ಲಿ ‘ಬ್ಲಾಕ್ ಆಗಿದೆ’ ಅನ್ನುತ್ತೇವಲ್ಲ, ಅದು. ಆದರೆ ಅಲ್ಲಿಂದ ಎರಡು ಬೆರಳಷ್ಟು ಕೆಳಗೆ, ನೇರವಾಗಿ ಹೋಗುವ ಭಾಗ ಸಾಮಾನ್ಯವಾಗಿ ಚೊಕ್ಕಟವಾಗಿಯೇ ಇರುತ್ತದೆ.

ಇದರ ಬಗ್ಗೆ ಒಂದು ನಿಮಿಷ ಯೋಚಿಸಿ. ಎರಡೂ ಜಾಗದಲ್ಲಿ ಓಡುವುದು ಒಂದೇ ರಕ್ತ. ಅದೇ ಕೊಲೆಸ್ಟ್ರಾಲ್, ಅದೇ ಸಕ್ಕರೆ, ಅದೇ ಬಿ.ಪಿ. ಗೋಡೆಯ ಜೀವಕೋಶಗಳ ಡಿಎನ್ಎ ಕೂಡ ಒಂದೇ. ಹಾಗಾದರೆ ಒಂದು ಕಡೆ ರೋಗ, ಪಕ್ಕದಲ್ಲೇ ಆರೋಗ್ಯ ಯಾಕೆ? ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದೇ ಪ್ರಶ್ನೆಯ ಉತ್ತರ.

ತಕ್ಷಣ ಹೊಳೆಯುವ ಉತ್ತರ ಒಂದಿದೆ. ಹೊಳೆಯ ತಿರುವಿನಲ್ಲಿ ನೀರು ಸುಳಿಯುತ್ತದೆ, ಅಲ್ಲಿ ಕಸಕಡ್ಡಿ ಸುತ್ತುತ್ತಾ ನಿಂತುಬಿಡುತ್ತದೆ. ರಕ್ತದ ಕೊಬ್ಬೂ ಹಾಗೇ ಮೂಲೆಯಲ್ಲಿ ತಂಗುತ್ತದೆ, ಅಷ್ಟೇ ಅಲ್ವಾ? ನಾನೂ ಓದುವ ದಿನಗಳಲ್ಲಿ ಹಾಗೇ ಅಂದುಕೊಂಡಿದ್ದೆ. ಈ ಹೋಲಿಕೆಯ ಮೊದಲ ಅರ್ಧ ಸರಿ: ಕವಲಿನ ಆ ಗೋಡೆಯ ಹತ್ತಿರ ರಕ್ತ ನಿಜವಾಗಿಯೂ ಸುಳಿಯುತ್ತದೆ. ಹೃದಯದ ಪ್ರತಿ ಬಡಿತಕ್ಕೂ ಮುಂದೆ ಹೋಗಿ, ಸ್ವಲ್ಪ ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತದೆ. ಆದರೆ ಇನ್ನರ್ಧ ತಪ್ಪು ದಾರಿಗೆ ಎಳೆಯುತ್ತದೆ. ಹೊಳೆಯ ದಡ ಸುಮ್ನೆ ಇರುತ್ತದೆ, ನೀರು ಹೇಗೆ ಹರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ರಕ್ತನಾಳದ ಗೋಡೆಗೆ ಗೊತ್ತಾಗುತ್ತದೆ. ಹರಿವು ಬದಲಾದರೆ ಗೋಡೆಯ ಜೀವಕೋಶಗಳು ತಮ್ಮ ಜೀನ್‌ಗಳ ಕೆಲಸವನ್ನೇ ಬದಲಾಯಿಸುತ್ತವೆ. ಕೊಬ್ಬಿಗೆ ಬಾಗಿಲು ತೆರೆಯುವುದು ಆ ಬದಲಾವಣೆ.

ಈ ಗೋಡೆ ಎಂದರೆ ಏನು ಅಂತ ಮೊದಲು ನೋಡೋಣ. ಮಹಾಪಧಮನಿಯಿಂದ ಹಿಡಿದು ಕೂದಲಿಗಿಂತ ತೆಳುವಾದ ಲೋಮನಾಳದವರೆಗೆ, ಪ್ರತಿ ರಕ್ತನಾಳದ ಒಳಮೈಗೂ ಒಂದು ಪದರದ ಜೀವಕೋಶಗಳ ಹೊದಿಕೆ ಇದೆ. ಒಂದೇ ಒಂದು ಪದರ. ಹೆಸರು ಎಂಡೋಥೀಲಿಯಂ. ರಕ್ತಕ್ಕೂ ದೇಹದ ಉಳಿದೆಲ್ಲದಕ್ಕೂ ನಡುವೆ ಇರುವುದು ಇದೇ. ಬಹಳ ಕಾಲ ಇದನ್ನು ಪೈಪಿನ ಒಳಗಿನ ಲೇಪನ ಅಂತಲೇ ನೋಡಲಾಗಿತ್ತು.

ಆ ನೋಟ ಬದಲಾಗಿದ್ದರಲ್ಲಿ ಒಂದು ಆಕಸ್ಮಿಕಕ್ಕೂ ಪಾಲಿದೆ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಣುಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ನರಗಳು ಸೂಚನೆ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಕೆಲವು ತುಣುಕು ಸಡಿಲವಾಗುತ್ತಿದ್ದವು, ಕೆಲವು ಆಗುತ್ತಿರಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದರೆ, ಸಡಿಲವಾಗದ ತುಣುಕುಗಳ ಒಳಮೈ ತಯಾರಿಯ ಹೊತ್ತಿನಲ್ಲಿ ಉಜ್ಜಿಹೋಗಿತ್ತು. ಲೇಪನ ಅಂದುಕೊಂಡಿದ್ದ ಪದರವೇ ನಾಳದ ಗೋಡೆಯ ಸ್ನಾಯುವಿಗೆ ‘ಸಡಿಲವಾಗು’ ಎಂಬ ಸೂಚನೆ ಕಳಿಸುತ್ತಿತ್ತು! 1980ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಸೂಚನೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅಂತ ಆಮೇಲೆ ಗೊತ್ತಾಯಿತು. 1998ರ ನೊಬೆಲ್ ಬಹುಮಾನ ಬಂದಿದ್ದು ಇದಕ್ಕೇ. ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರೂ ಅದನ್ನು ಹಂಚಿಕೊಂಡರು. ನೈಟ್ರಿಕ್ ಆಕ್ಸೈಡ್ ಅನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತದೆ.

ಈಗ ಹರಿವಿನ ಬಲದ ವಿಷಯ. ರಕ್ತ ಗೋಡೆಯ ಮೇಲೆ ಎರಡು ಥರ ಬಲ ಹಾಕುತ್ತದೆ. ಒಂದು, ಹೊರಕ್ಕೆ ಒತ್ತುವುದು. ಅದು ರಕ್ತದೊತ್ತಡ, ಎಲ್ಲರಿಗೂ ಗೊತ್ತು. ಇನ್ನೊಂದು, ಹರಿಯುವಾಗ ಗೋಡೆಯನ್ನು ಸವರಿಕೊಂಡು ಹೋಗುವುದು. ಇಂಗ್ಲಿಷಿನಲ್ಲಿ ಶಿಯರ್ ಸ್ಟ್ರೆಸ್ ಅನ್ನುತ್ತಾರೆ. ನಾನು ಇವತ್ತು ಅದನ್ನು ‘ಸವರುಬಲ’ ಅಂತ ಕರೆಯುತ್ತೇನೆ, ಏಕೆಂದರೆ ಅದು ಮಾಡುವುದು ಅದನ್ನೇ.

ಸವರುಬಲ ಎಷ್ಟು ಸಣ್ಣದು ಗೊತ್ತೇ? ಪ್ರಿಂಟರಿಗೆ ಹಾಕುವ ಒಂದು ಸಾಮಾನ್ಯ ಹಾಳೆಯನ್ನು ಮೇಜಿನ ಮೇಲೆ ಇಡಿ. ಅದು ಮೇಜನ್ನು ಒತ್ತುವುದು ಸುಮಾರು 0.8 ಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ). ಆರೋಗ್ಯವಾಗಿರುವ ಅಪಧಮನಿಯಲ್ಲಿ ಸವರುಬಲ ಸರಾಸರಿ 1ರಿಂದ 2 ಪ್ಯಾಸ್ಕಲ್ ಆಸುಪಾಸು. ಅಂದರೆ ಎರಡು ಹಾಳೆಯ ಭಾರದಷ್ಟು! ಅದೇ ರಕ್ತದೊತ್ತಡ 100 ಮಿಲಿಮೀಟರ್ ಪಾದರಸ ಇದ್ದರೆ ಸುಮಾರು 13,000 ಪ್ಯಾಸ್ಕಲ್. ಅಷ್ಟು ದೊಡ್ಡ ಒತ್ತಡ ಪಕ್ಕದಲ್ಲೇ ಬಡಿಯುತ್ತಿದ್ದರೂ, ಈ ಜೀವಕೋಶಗಳು ಹಾಳೆಯಷ್ಟು ಹಗುರವಾದ ಸವರುವಿಕೆಯನ್ನು ಬೇರೆಯಾಗಿ ಗುರುತಿಸುತ್ತವೆ. ಎಷ್ಟು ಸಲ ಪಾಠ ಮಾಡಿದರೂ ನನಗೆ ಈ ಮಾತು ಹಳೆಯದಾಗಿಲ್ಲ.

ಇಷ್ಟು ಸಣ್ಣ ಬಲ ರೋಗ ತರುವುದು ಹೆಚ್ಚಾದಾಗಲೋ, ಕಡಿಮೆಯಾದಾಗಲೋ? 1960ರ ದಶಕದ ಕೊನೆಯಲ್ಲಿ ಇದರ ಮೇಲೆ ಗಟ್ಟಿ ಭಿನ್ನಾಭಿಪ್ರಾಯ ಇತ್ತು. 1968ರಲ್ಲಿ ಅಮೆರಿಕದ ಡೊನಾಲ್ಡ್ ಫ್ರೈ ನಾಯಿಗಳ ಮಹಾಪಧಮನಿಯಲ್ಲಿ ಹರಿವಿನ ವೇಗ ಏರಿಸಿ, ಬಲ ಅತಿಯಾದರೆ ಒಳಪದರ ಸವೆದುಹೋಗುತ್ತದೆ ಅಂತ ತೋರಿಸಿದರು. ಹಾಗಾಗಿ ಜಾಸ್ತಿ ಬಲವೇ ಕೇಡು ಎಂದು ತೋರಿತು. ಮರುವರ್ಷ, 1969ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಕ್ಯಾರೊ ಮತ್ತು ಸಂಗಡಿಗರು ಮನುಷ್ಯರ ಅಪಧಮನಿಗಳಲ್ಲಿ ಕೊಬ್ಬಿನ ಮೊದಲ ಕಲೆ ಎಲ್ಲಿ ಮೂಡುತ್ತದೆ ಅಂತ ನೋಡಿದರು. ಸವರುಬಲ ಕಡಿಮೆ ಇರುವ ಕಡೆಗಳಲ್ಲೇ ಅವು ಇದ್ದವು. ಫ್ರೈ ಅವರ ಪ್ರಯೋಗದಲ್ಲಿ ತಪ್ಪಿರಲಿಲ್ಲ. ಆದರೆ ಅಷ್ಟು ದೊಡ್ಡ ಬಲ ದೇಹದಲ್ಲಿ ಮಾಮೂಲಿಯಾಗಿ ಬರುವುದಿಲ್ಲ. ಕಾಲ ಕಳೆದಂತೆ ಕ್ಯಾರೊ ಅವರ ಮಾತೇ ನಿಂತಿತು: ಗೋಡೆಯನ್ನು ಒಂದೇ ದಿಕ್ಕಿಗೆ, ಚೆನ್ನಾಗಿ ಸವರಿಕೊಂಡು ಹೋಗುವ ಹರಿವು ಕಾಪಾಡುತ್ತದೆ. ಮಂದವಾಗಿ, ಹಿಂದೆ ಮುಂದೆ ತೂಗಾಡುವ ಹರಿವು ರೋಗಕ್ಕೆ ಎಡೆ ಮಾಡುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಒಳಪದರದ ಜೀವಕೋಶಗಳನ್ನು ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ತೆಗೆದು ತಟ್ಟೆಯಲ್ಲಿ ಬೆಳೆಸುತ್ತಾರೆ. ನಿಂತ ದ್ರವದಲ್ಲಿ ಅವು ನೆಲಕ್ಕೆ ಹಾಸಿದ ಕಲ್ಲುಗಳ ಹಾಗೆ ಬಹುಭುಜಾಕಾರವಾಗಿ, ದಿಕ್ಕಿಲ್ಲದೆ ಹರಡಿಕೊಂಡಿರುತ್ತವೆ. ಈಗ ಅವುಗಳ ಮೇಲೆ ಒಂದೇ ದಿಕ್ಕಿನಲ್ಲಿ ದ್ರವ ಹರಿಸಿ. ಮೊದಲ ಒಂದೆರಡು ಗಂಟೆ ಕಣ್ಣಿಗೆ ಹೆಚ್ಚೇನೂ ಕಾಣುವುದಿಲ್ಲ. ಮರುದಿನ ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಬೇರೆಯದೇ ತಟ್ಟೆ ನೋಡಿದ ಹಾಗಾಗುತ್ತದೆ. ಎಲ್ಲ ಜೀವಕೋಶಗಳೂ ಉದ್ದಕ್ಕೆ ಚಾಚಿಕೊಂಡು, ಹರಿವಿನ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ, ಹೊಳೆಯಲ್ಲಿ ಪಾಚಿಯ ಎಳೆಗಳು ಒಂದೇ ಕಡೆಗೆ ಬಾಗಿದ ಹಾಗೆ. ಜೀವಕೋಶದ ಒಳಗೆ ಅದಕ್ಕೆ ಆಕಾರ ಕೊಡುವ ನಾರುಗಳೂ ಅದೇ ದಿಕ್ಕಿಗೆ ತಿರುಗಿರುತ್ತವೆ. ಹರಿವನ್ನು ಹಿಂದೆ ಮುಂದೆ ತೂಗಾಡಿಸಿದರೆ ಈ ಸಾಲು ಮೂಡುವುದೇ ಇಲ್ಲ. ಒಂದೇ ದಿಕ್ಕಿನ ಹರಿವಿಗೆ ಜೀವಕೋಶಗಳು ಸಾಲಾಗುವುದನ್ನು 1981ರಲ್ಲಿ ಫೋರ್ಬ್ಸ್ ಡ್ಯೂವಿ, ಮೈಕೆಲ್ ಜಿಂಬ್ರೋನ್ ಮತ್ತು ಸಂಗಡಿಗರು ಅಳತೆ ಮಾಡಿ ತೋರಿಸಿದರು. ಅವರಲ್ಲಿ ಒಬ್ಬರು ಎಂಜಿನಿಯರ್, ಇನ್ನೊಬ್ಬರು ವೈದ್ಯರು. ಈ ಶಾಸ್ತ್ರ ಬೆಳೆದದ್ದೇ ಅಂಥ ಜೋಡಿಗಳಿಂದ.

ಆಕಾರ ಬದಲಾಯಿತು, ಸರಿ. ಜೀನ್‌ಗಳ ಮಾತೇನು?

ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಸುಮಾರು 20,000 ಜೀನ್‌ಗಳಿವೆ. ಪಿತ್ತಜನಕಾಂಗದ ಜೀವಕೋಶದಲ್ಲಿ ಇರುವುದೂ ಅವೇ, ಕಣ್ಣಿನಲ್ಲಿ ಇರುವುದೂ ಅವೇ. ವ್ಯತ್ಯಾಸ ಬರುವುದು ಈಗ, ಈ ಹೊತ್ತಿನಲ್ಲಿ, ಯಾವ ಜೀನ್ ಓದಿಸಿಕೊಳ್ಳುತ್ತಿದೆ, ಯಾವುದು ಮುಚ್ಚಿಕೊಂಡಿದೆ ಎಂಬುದರಲ್ಲಿ. ಜೀನ್ ಅಭಿವ್ಯಕ್ತಿ ಅಂದರೆ ಇಷ್ಟೇ. ರಕ್ತದ ಹರಿವು ನಾಳದ ಒಳಪದರದಲ್ಲಿ ಈ ಆಯ್ಕೆಯನ್ನೇ ಬದಲಿಸುತ್ತದೆ.

ಹೇಗೆ? ಮೊದಲು ಸವರುವಿಕೆ ಗೊತ್ತಾಗಬೇಕು. ಇದಕ್ಕೆ ಜೀವಕೋಶದಲ್ಲಿ ಒಂದೇ ಒಂದು ಅಂಗ ಇಲ್ಲ, ಹಲವು ಕಡೆ ಸ್ಪರ್ಶ ಇದೆ. ಒಂದು ಪಿಯೆಜೋ1 ಎಂಬ ಪ್ರೋಟೀನ್. ಜೀವಕೋಶದ ಪೊರೆ ಎಳೆದಾಡಿದಾಗ ತೆರೆದುಕೊಳ್ಳುವ ಪುಟ್ಟ ಬಾಗಿಲು ಅದು; ತೆರೆದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆರ್ಡೆಮ್ ಪಟಪೂಟಿಯನ್ ಅವರ ತಂಡ ಇದನ್ನು ಕಂಡುಹಿಡಿದದ್ದು 2010ರಲ್ಲಿ, ನೊಬೆಲ್ ಬಂದದ್ದು 2021ರಲ್ಲಿ. ಪಿಯೆಜೋ1 ಇಲ್ಲದ ಇಲಿಮರಿಗಳು ಹುಟ್ಟುವ ಮುಂಚೆಯೇ, ರಕ್ತನಾಳಗಳು ಸರಿಯಾಗಿ ಬೆಳೆಯದೆ ಸಾಯುತ್ತವೆ. ಇನ್ನೊಂದು ಸ್ಪರ್ಶದ ಜಾಗ ಜೀವಕೋಶಗಳು ಒಂದಕ್ಕೊಂದು ಅಂಟಿಕೊಳ್ಳುವ ಅಂಚು. ಅಲ್ಲಿ ಮೂರು ಪ್ರೋಟೀನ್‌ಗಳು ಜೊತೆಗೂಡಿ ಹರಿವನ್ನು ಗುರುತಿಸುತ್ತವೆ ಅಂತ 2005ರಲ್ಲಿ ಎಲೆನಿ ಜೀಮಾ ಮತ್ತು ಸಂಗಡಿಗರು ತೋರಿಸಿದರು. ಅವರು ಮಾಡಿದ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಹರಿವಿಗೆ ಸಾಮಾನ್ಯವಾಗಿ ಸ್ಪಂದಿಸದ ಬೇರೆ ಬಗೆಯ ಜೀವಕೋಶಕ್ಕೆ ಆ ಮೂರನ್ನೂ ಸೇರಿಸಿದರು. ಅದಕ್ಕೂ ಹರಿವು ತಿಳಿಯತೊಡಗಿತು!

ಸ್ಪರ್ಶ ಸಿಕ್ಕ ಕೂಡಲೇ ಸುದ್ದಿ ಕೈಯಿಂದ ಕೈಗೆ ದಾಟುತ್ತದೆ. ಕ್ಯಾಲ್ಸಿಯಂ ಏರುವುದು, ನೈಟ್ರಿಕ್ ಆಕ್ಸೈಡ್ ಹೊರಡುವುದು, ಇವೆಲ್ಲ ಸೆಕೆಂಡುಗಳ ಲೆಕ್ಕ. ಜೀನ್‌ಗಳ ತನಕ ಮುಟ್ಟಿ ಅವು ಹೊಸ ಪ್ರೋಟೀನ್ ಮಾಡಿಸುವುದು ಗಂಟೆಗಳ ಲೆಕ್ಕ. ಈ ದಾರಿಯಲ್ಲಿ ಇಆರ್‌ಕೆ5, ಎಂಇಎಫ್2 ಎಂಬ ಪ್ರೋಟೀನ್‌ಗಳು ಬರುತ್ತವೆ. ಆ ಹೆಸರು ಮರೆತರೂ ಪರವಾಗಿಲ್ಲ. ಅವು ಸುದ್ದಿ ತಲುಪಿಸುವ ಒಂದು ಜೀನಿನ ಹೆಸರು ಮಾತ್ರ ಉಳಿಸಿಕೊಳ್ಳಿ: ಕೆಎಲ್‌ಎಫ್2.

ಕೆಎಲ್‌ಎಫ್2 ಮನೆಯ ಯಜಮಾನಿ ಇದ್ದ ಹಾಗೆ. ತಾನೊಂದು ಎದ್ದರೆ ನೂರಾರು ಜೀನ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಬೇಡದವನ್ನು ಸುಮ್ಮನಿರಿಸುತ್ತದೆ. ಹರಿವು ಒಂದೇ ದಿಕ್ಕಿಗೆ ಚೆನ್ನಾಗಿ ಸವರುತ್ತಿದ್ದರೆ ಕೆಎಲ್‌ಎಫ್2 ಎಚ್ಚರವಾಗಿರುತ್ತದೆ. ಆಗ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಹೆಚ್ಚು ಸಿದ್ಧವಾಗುತ್ತದೆ, ನಾಳ ಸಡಿಲವಾಗಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಥ್ರಾಂಬೊಮಾಡ್ಯುಲಿನ್ ಗೋಡೆಯ ಮೇಲೆ ಹೆಚ್ಚುತ್ತದೆ. ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸುವ ವಿಸಿಎಎಂ-1 ಎಂಬ ಕೊಕ್ಕೆ ಕಡಿಮೆಯಾಗುತ್ತದೆ. ಹರಿವು ತೂಗಾಡುವ ಜಾಗದಲ್ಲಿ ಕೆಎಲ್‌ಎಫ್2 ಮಂಕಾಗುತ್ತದೆ, ಅದರ ಬದಲು ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಸ್ವಿಚ್ಚು ಕೈ ಮೇಲಾಗುತ್ತದೆ. ಕೊಕ್ಕೆಗಳು ಹೊರಗೆ ಚಾಚುತ್ತವೆ. ಜೀವಕೋಶಗಳ ನಡುವಿನ ಅಂಟು ಸಡಿಲವಾಗಿ, ರಕ್ತದಲ್ಲಿ ತೇಲುವ ಕೊಲೆಸ್ಟ್ರಾಲಿನ ಕಣ ಒಳಗೆ ನುಸುಳುತ್ತದೆ. ಅದನ್ನು ತಿನ್ನಲು ಬಿಳಿ ರಕ್ತಕಣ ಬರುತ್ತದೆ, ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ, ಗೋಡೆಯೊಳಗೆ ಇಳಿಯುತ್ತದೆ, ಕೊಬ್ಬು ತುಂಬಿಕೊಂಡು ಅಲ್ಲೇ ಉಳಿದುಬಿಡುತ್ತದೆ. ವರ್ಷಗಳು ಕಳೆದ ಮೇಲೆ ಅದೇ ‘ಬ್ಲಾಕ್’.

ಹಾಗಾಗಿ ಕೊಬ್ಬು ಮೂಲೆಯಲ್ಲಿ ಕಸದ ಹಾಗೆ ತಂಗಲಿಲ್ಲ. ಗೋಡೆ ತಾನೇ ಬದಲಾಗಿ ಅದನ್ನು ಒಳಗೆ ಬಿಟ್ಟುಕೊಂಡಿತು. ಕೊಲೆಸ್ಟ್ರಾಲ್ ತುಂಬಾ ಕಡಿಮೆ ಇದ್ದರೆ ಇದೇ ಕವಲಿನಲ್ಲಿ ಗಂಟು ಬೆಳೆಯುವುದು ಕಷ್ಟ, ಅದೂ ನಿಜ. ರೋಗ ಬರುವುದಕ್ಕೆ ರಕ್ತದಲ್ಲಿ ಇರುವುದೂ ಬೇಕು. ಅದು ಎಲ್ಲಿ ಬರಬೇಕು ಅಂತ ನಿರ್ಧರಿಸುವುದು ಮಾತ್ರ ಹರಿವು.

ಇಲ್ಲಿ ಒಂದು ಸೂಕ್ಷ್ಮ ಇದೆ, ದಾಟಿ ಹೋಗಲು ಮನಸ್ಸಿಲ್ಲ. ನಿಂತ ತಟ್ಟೆಯಲ್ಲಿ ಒಳ್ಳೆಯ ಹರಿವನ್ನೇ ಹಠಾತ್ತನೆ ಶುರು ಮಾಡಿದರೆ, ಮೊದಲ ಗಂಟೆಗಳಲ್ಲಿ ಉರಿಯೂತದ ಸ್ವಿಚ್ಚೇ ಹೊತ್ತಿಕೊಳ್ಳುತ್ತದೆ. ಹರಿವು ಹಾಗೇ ಮುಂದುವರಿದರೆ ಅದು ಆರಿ, ಕೆಎಲ್‌ಎಫ್2 ಮೇಲೇರುತ್ತದೆ. ಅಂದರೆ ಜೀವಕೋಶಕ್ಕೆ ಬದಲಾವಣೆ ಅನ್ನುವುದೇ ಒಂದು ಎಚ್ಚರಿಕೆಯ ಸುದ್ದಿ, ಸ್ಥಿರತೆ ಸಮಾಧಾನದ ಸುದ್ದಿ. ತೂಗಾಡುವ ಹರಿವಿನಲ್ಲಿ ಆ ಬದಲಾವಣೆ ಮುಗಿಯುವುದೇ ಇಲ್ಲ. ಪ್ರತಿ ಬಡಿತಕ್ಕೂ ದಿಕ್ಕು ಬದಲಾಗುತ್ತದೆ, ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಪಾಪ, ಆ ಜೀವಕೋಶ ಸಮಾಧಾನಕ್ಕೆ ಬರುವುದಾದರೂ ಯಾವಾಗ?

‘ತಟ್ಟೆಯಲ್ಲಿ ಸರಿ, ಬದುಕಿರುವ ದೇಹದಲ್ಲಿ?’ ಅಂತ ನೀವು ಕೇಳಬೇಕು. ಹಾಂಜೂಂಗ್ ಜೋ ಅವರ ತಂಡ 2009ರಲ್ಲಿ ಇಲಿಗಳಲ್ಲಿ ಇದನ್ನು ನೋಡಿತು. ಎಡ ಕೆರೋಟಿಡ್‌ನ ನಾಲ್ಕು ಕವಲುಗಳಲ್ಲಿ ಮೂರನ್ನು ದಾರದಿಂದ ಕಟ್ಟಿದರು. ರಕ್ತ ಆ ನಾಳದಲ್ಲಿ ಮಂದವಾಗಿ ಹಿಂದೆ ಮುಂದೆ ಆಡತೊಡಗಿತು. ಬಲಬದಿಯನ್ನು ಮುಟ್ಟಲಿಲ್ಲ. ಒಂದೇ ಇಲಿ, ಒಂದೇ ರಕ್ತ, ಬದಲಾದದ್ದು ಎಡಗಡೆಯ ಹರಿವು ಮಾತ್ರ. ಕೆಲವೇ ದಿನಗಳಲ್ಲಿ ಎಡಗಡೆಯ ಒಳಪದರದ ಜೀನ್‌ಗಳು ಬೇರೆ ದಾರಿ ಹಿಡಿದವು, ಕೆಎಲ್‌ಎಫ್2 ಕುಸಿಯಿತು. ಕೊಲೆಸ್ಟ್ರಾಲ್ ಏರುವಂಥ ತಳಿಯ ಇಲಿಗಳಿಗೆ ಕೊಬ್ಬಿನ ಆಹಾರ ಕೊಟ್ಟಾಗ ಎರಡೇ ವಾರದಲ್ಲಿ ಎಡ ನಾಳದಲ್ಲಿ ಗಂಟು ಕಾಣಿಸಿತು. ಬಲಗಡೆ ಶುಭ್ರವಾಗಿತ್ತು. ನಾವು ಶುರುವಿನಲ್ಲಿ ಕತ್ತಿನ ಮೇಲೆ ಬೆರಳಿಟ್ಟು ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಹಾಗಾದರೆ ಕೆಎಲ್‌ಎಫ್2 ಎಷ್ಟಿದ್ದರೆ ಅಷ್ಟು ಒಳ್ಳೆಯದಾ? ಇಲ್ಲ. ಮಿದುಳಿನ ಸಣ್ಣ ನಾಳಗಳಲ್ಲಿ ಕೆಲವರಿಗೆ ಗೂಡುಗೂಡಾಗಿ ಉಬ್ಬಿ, ರಕ್ತ ಸೋರುವ ಒಂದು ತೊಂದರೆ ಬರುತ್ತದೆ. ಅದಕ್ಕೆ ಕಾರಣವಾದ ಜೀನ್ ದೋಷದಿಂದ ಕೆಎಲ್‌ಎಫ್2 ಮತ್ತು ಅದರ ತಂಗಿ ಕೆಎಲ್‌ಎಫ್4 ಅಳತೆ ಮೀರಿ ಏರುತ್ತವೆ. ಒಂದು ಜೀನನ್ನು ‘ಒಳ್ಳೆಯದು’ ಅಂತ ಹಣೆಪಟ್ಟಿ ಹಚ್ಚಿ ಮಾತಾಡುವುದು ನನಗೆ ಇದೇ ಕಾರಣಕ್ಕೆ ಹಿಡಿಸುವುದಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಒಬ್ಬರು ಎದ್ದು, ‘ಸರ್, ನಾನು ದಿನವಿಡೀ ಕೂತು ಕೆಲಸ ಮಾಡುವವನು. ವಾಕಿಂಗ್ ಮಾಡಿದರೆ ಈ ಹರಿವು ಸರಿಹೋಗುತ್ತದಾ?’ ಅಂದರು.

ನಡೆಯುವಾಗ ಸ್ನಾಯುಗಳು ಹೆಚ್ಚು ರಕ್ತ ಕೇಳುತ್ತವೆ, ಹರಿವು ಏರುತ್ತದೆ, ಸವರುಬಲವೂ ಏರುತ್ತದೆ. ಕವಲಿನ ಆಕಾರ ಬದಲಾಗುವುದಿಲ್ಲ, ನಿಜ. ಆದರೆ ಒಳಪದರಕ್ಕೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಗಟ್ಟಿಯಾದ ಹರಿವು ಸಿಗುತ್ತದೆ. ಇದನ್ನು ಕೈಯಲ್ಲೇ ಪರೀಕ್ಷೆ ಮಾಡಿ ನೋಡುತ್ತಾರೆ. ಬಿ.ಪಿ. ಪಟ್ಟಿಯನ್ನು ಮುಂಗೈಗೆ ಕಟ್ಟಿ 5 ನಿಮಿಷ ಬಿಗಿಯುತ್ತಾರೆ, ಆಮೇಲೆ ತಟ್ಟನೆ ಬಿಡುತ್ತಾರೆ. ರಕ್ತ ನುಗ್ಗುತ್ತದೆ, ತೋಳಿನ ಅಪಧಮನಿಯ ಒಳಪದರ ಆ ಸವರುವಿಕೆ ತಿಳಿದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಒಂದು ನಿಮಿಷದೊಳಗೆ ನಾಳ ಅಗಲವಾಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಅಳೆಯಬಹುದು. ಅಗಲವಾಗುವುದರ ಹಿಂದೆ ಒಂದು ಲೆಕ್ಕವೂ ಇದೆ. ಹರಿಯುವ ರಕ್ತ ಅಷ್ಟೇ ಇದ್ದು ನಾಳ ಶೇ. 10ರಷ್ಟು ಅಗಲವಾದರೆ ಸವರುಬಲ ಸುಮಾರು ಶೇ. 25ರಷ್ಟು ಇಳಿಯುತ್ತದೆ. ನಾಳ ತನಗೆ ಬೇಕಾದ ಸವರುಬಲವನ್ನು ತಾನೇ ಕಾಯ್ದುಕೊಳ್ಳುತ್ತದೆ. ಸತತ 3 ಗಂಟೆ ಕೂತವರ ಕಾಲಿನ ಅಪಧಮನಿಯಲ್ಲಿ ಈ ಅಗಲವಾಗುವ ಶಕ್ತಿ ಕುಂದುವುದನ್ನು ಅಳೆದಿದ್ದಾರೆ. ನಡುನಡುವೆ ಎದ್ದು 5 ನಿಮಿಷ ನಡೆದವರಲ್ಲಿ ಅದು ಕುಂದಲಿಲ್ಲ. ಹಾಗಾಗಿ ದಯವಿಟ್ಟು ನಡುನಡುವೆ ಎದ್ದು ಓಡಾಡಿ.

ಇನ್ನೊಬ್ಬರು ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಕೇಳಿದರು. ಅದು ಕೊಲೆಸ್ಟ್ರಾಲ್ ಇಳಿಸುತ್ತದೆ, ಅದೇ ಅದರ ಮುಖ್ಯ ಕೆಲಸ. ಪ್ರಯೋಗಾಲಯದಲ್ಲಿ ಒಳಪದರದ ಜೀವಕೋಶಗಳಿಗೆ ಹಾಕಿದಾಗ ಕೆಎಲ್‌ಎಫ್2 ಅನ್ನೂ ಏರಿಸುತ್ತದೆ. ಮಾತ್ರೆ ಶುರು ಮಾಡುವುದು, ಬಿಡುವುದು ನಿಮ್ಮ ವೈದ್ಯರ ಜೊತೆ ಮಾತಾಡಿಯೇ ಆಗಬೇಕು.

ಕೊನೆಗೆ ಒಬ್ಬ ಹುಡುಗಿ, ಕಾಲೇಜಿಗೆ ಹೋಗುವವಳಿರಬೇಕು, ‘ಹರಿವು ಇಲ್ಲವೇ ಇಲ್ಲ ಅಂದರೆ ಏನಾಗುತ್ತದೆ ಸರ್?’ ಅಂತ ಕೇಳಿದಳು. ಸಂಜೆಯ ಅತ್ಯುತ್ತಮ ಪ್ರಶ್ನೆ ಅದು. ಸಮಯ ಮೀರಿದ್ದರಿಂದ ಅಲ್ಲಿ ಎರಡೇ ಮಾತು ಹೇಳಿದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. 1893ರಲ್ಲಿ ರಿಚರ್ಡ್ ಥೋಮಾ ಬರೆದರು: ರಕ್ತ ಜೋರಾಗಿ ಹರಿಯುವ ಎಳೆ ನಾಳಗಳು ಅಗಲವಾಗುತ್ತವೆ, ಹರಿವು ಸೊರಗಿದವು ಮಾಯವಾಗುತ್ತವೆ. 2004ರಲ್ಲಿ ಫರ್ಡಿನಾಂಡ್ ಲ ನೋಬ್ಲ್, ಆನ್ ಐಖ್‌ಮನ್ ಮತ್ತು ಸಂಗಡಿಗರು ಒಂದು ಹೆಜ್ಜೆ ಮುಂದೆ ಹೋದರು. ಕೋಳಿಭ್ರೂಣದ ಒಂದು ಬದಿಯ ಅಪಧಮನಿಗೆ ರಕ್ತ ಬರುವುದನ್ನು ತಡೆದರು. ಆ ನಾಳ ಸೊರಗಿ ಸುಮ್ಮನಾಗಲಿಲ್ಲ. ಅಪಧಮನಿಯ ಜೀನ್‌ಗಳನ್ನು ಮುಚ್ಚಿ, ಅಭಿಧಮನಿಯಾಗಿ ಬದಲಾಯಿತು. ‘ನಾನು ಯಾರು’ ಎಂಬ ಪ್ರಶ್ನೆಗೆ ಆ ನಾಳ ಉತ್ತರ ತಿಳಿದುಕೊಂಡದ್ದು ತನ್ನೊಳಗೆ ಹರಿಯುವ ರಕ್ತದಿಂದ.

ಮತ್ತೆ ಜೀಬ್ರಾಮೀನು. ಅದರ ಮರಿ ಗಾಜಿನಷ್ಟು ಪಾರದರ್ಶಕ, ಒಂದೊಂದು ರಕ್ತಕಣ ಓಡುವುದೂ ಕಾಣುತ್ತದೆ. ಅದರಲ್ಲಿ ಹೃದಯ ಬಡಿಯದ ಒಂದು ಬಗೆ ಇದೆ. ಮರಿ ತುಂಬಾ ಪುಟ್ಟದಾದ್ದರಿಂದ ಸುತ್ತಲಿನ ನೀರಿನ ಆಮ್ಲಜನಕ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ, ಹಾಗಾಗಿ ರಕ್ತ ಓಡದಿದ್ದರೂ ಕೆಲವು ದಿನ ಬದುಕುತ್ತದೆ. ನಾಳಗಳು ಮೂಡುತ್ತವೆ. ಅವುಗಳ ಒಳಪದರವೂ ಇರುತ್ತದೆ. ಆದರೆ ಆ ನಾಳಗಳಲ್ಲಿ ಕೆಎಲ್‌ಎಫ್2 ಹುಡುಕಿದರೆ ಸಿಗುವುದಿಲ್ಲ. ಪಕ್ಕದ ತಟ್ಟೆಯಲ್ಲಿ ಹೃದಯ ಬಡಿಯುವ ಮರಿಯ ನಾಳಗಳಲ್ಲಿ ಅದೇ ಜೀನ್ ಎದ್ದು ಕೆಲಸ ಮಾಡುತ್ತಿರುತ್ತದೆ.